ಗಂಡಾಳಿನ ಕೆಲಸ ಎಂದರೆ ಯಾವುದು?

(ಹೊರನಾಡಿನಲ್ಲಿ ಸೇರಿದ್ದ ತೋಟ ಮತ್ತು ಗಿರಣಿ ಕಾರ್ಮಿಕರ ಹಾಗೂ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಅನ್ನಪೂರ್ಣೇಶ್ವರಿಯ ಊರಿನಲ್ಲಿ ನಿಂತು ಮಾತಾಡುವವರು ಅನ್ನದ ಮಾತಿನಿಂದಲೇ ಆರಂಭಿಸಬೇಕು. ಈ ಊರಿಗೆ ಬಂದವರು ಯಾರೂ ಹಸಿದು ಹಿಂದಿರುಗುವುದಿಲ್ಲ. ಅನ್ನ ಕೊಡುವವಳು ತಾಯಿ ಎಂದು ನಾವೆಲ್ಲ ಕೈಮುಗಿಯುತ್ತೇವೆ. ನಮ್ಮ ಮನೆಗಳಲ್ಲೂ ಒಲೆಯ ಮುಂದೆ ಕೂತವಳು ತಾಯಿಯೇ, ಇಲ್ಲವೆ ಹೆಂಡತಿ, ಇಲ್ಲವೆ ಸೊಸೆ. ಅಡಿಗೆ ಹೆಂಗಸಿನ ಕೆಲಸ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಸರಿ, ಈಗ ನಮ್ಮ ಕಡೆಯ ಯಾವುದಾದರೊಂದು ಮದುವೆ ಮನೆಗೆ ಹೋಗಿ ನೋಡಿ. ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತವರು ಯಾರು? ಗಂಡಸರು. ಕಳಸದ ಪೇಟೆಯಲ್ಲಿ ಹೋಟೆಲಿಗೆ ಹೋಗಿ ಕೂತುಕೊಳ್ಳಿ. ಕಾಫಿ ಬೆರೆಸುವವನು ಯಾರು? ಗಂಡಸು. ಐದು ಜನಕ್ಕೆ ಬೇಯಿಸಿದರೆ ಹೆಂಗಸಿನ ಕೆಲಸ, ಐನೂರು ಜನಕ್ಕೆ ಬೇಯಿಸಿದರೆ ಗಂಡಸಿನ ಕಸುಬು! ಬೆಂಕಿ ಅದೇ, ಉಪ್ಪು ಹುಳಿ ಖಾರವೂ ಅದೇ. ಆದರೆ ಒಂದು ಅಡಿಗೆಗೆ ಸಂಭಾವನೆ ಉಂಟು, ಇನ್ನೊಂದಕ್ಕೆ ಇಲ್ಲ. ಇಷ್ಟೇ ವ್ಯತ್ಯಾಸ.

ಇದನ್ನು ನಿಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಂದು ನಾನು ಹೇಳಬೇಕೆಂದು ಬಂದ ಮಾತೆಲ್ಲ ಇದರಲ್ಲೇ ಅಡಗಿದೆ. ಗಂಡಸರದೇ ಎನ್ನಿಸಿಕೊಂಡ ಉದ್ಯೋಗಕ್ಕೆ ಹೆಂಗಸೊಬ್ಬಳು ತನ್ನ ಹಳೆಯ ಕೆಲಸ ಬಿಟ್ಟು ಹೋಗಬಹುದೆ? ಹೋದರೆ ಆಕೆಗೆ ಏನಾಗುತ್ತದೆ, ಅಲ್ಲಿ ಮೊದಲೇ ಇದ್ದ ಗಂಡಸಿಗೆ ಏನಾಗುತ್ತದೆ, ನಮ್ಮ ಸಂಘಕ್ಕೆ ಏನಾಗುತ್ತದೆ? ಇದು ಇವತ್ತಿನ ವಿಷಯ.

ಮೊದಲು ನನ್ನ ಸಂಗತಿ ಎರಡು ಮಾತು ಹೇಳುತ್ತೇನೆ, ಏಕೆಂದರೆ ನಾನೂ ಕಸುಬು ಬದಲಿಸಿದವಳು. ಹತ್ತನೆಯ ತರಗತಿಯವರೆಗೆ ಓದಿ, ಒಂದು ಸಣ್ಣ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಅರ್ಧ ಲೈನ್ ಮನೆಗಳ ಮಕ್ಕಳು. ಕಾಫಿ ಕೊಯ್ಲು ಬಂತೆಂದರೆ ಹಾಜರಿ ಪುಸ್ತಕ ಅರ್ಧ ಖಾಲಿ. ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಮನೆಯಲ್ಲೇ ಉಳಿಯುತ್ತಿದ್ದಳು. ಅವಳನ್ನು ಶಾಲೆಗೆ ಕರೆತರಬೇಕಾದರೆ ಅವಳ ತಾಯಿಯ ಕೂಲಿಯ ಮಾತಾಡಬೇಕು ಎಂದು ನನಗೆ ತಿಳಿಯಲು ಆರು ವರ್ಷ ಬೇಕಾಯಿತು. ಆಮೇಲೆ ಶಾಲೆ ಬಿಟ್ಟು ಸಂಘದ ಕೆಲಸಕ್ಕೆ ಬಂದೆ.

ಬಂದ ಮೊದಲ ದಿನ ಲೈನಿನ ಮುಂದೆ ಸೇರಿದ್ದ ಗಂಡಸರಲ್ಲಿ ಒಬ್ಬರು, "ಎಂತ ಟೀಚರೇ, ಹಾಜರಿ ಕೂಗ್ತೀರಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಭೆ ಮುಗಿಯುವಾಗ ರಾತ್ರಿ ಒಂಬತ್ತು. ಕೊನೆಯ ಬಸ್ಸು ಹೋಗಿಯಾಗಿತ್ತು. ಜತೆಗೆ ಬಂದಿದ್ದ ಗಂಡಸು ಕಾರ್ಯಕರ್ತರು ಯಾರದೋ ಜಗಲಿಯಲ್ಲಿ ಮಲಗಿದರು. ನಾನು ಎಲ್ಲಿ ಮಲಗಬೇಕು ಎಂಬುದು ಒಂದು ಗಂಟೆಯ ಚರ್ಚೆಯಾಯಿತು. ಸಂಘಟನೆಯ ಕೆಲಸಕ್ಕೆ ಹೆಂಗಸು ತಕ್ಕವಳಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜಗಲಿ, ಬಸ್ಸು, ಶೌಚಾಲಯ ಇವೇ ಹೇಳಿದವು.

ನಾನು ಬಿಟ್ಟು ಬಂದ ಕಸುಬಿನ ಕಥೆಯನ್ನೂ ಕೇಳಿ. ಇವತ್ತು ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಹೆಂಗಸರಿಗೆ ಹೇಳಿ ಮಾಡಿಸಿದ ಕೆಲಸ ಎನ್ನುತ್ತಾರೆ. ಒಂದು ಕಾಲಕ್ಕೆ ಮೇಷ್ಟ್ರು ಎಂದರೆ ಗಂಡಸೇ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಹುಡುಗಿಯರಿಗೆ ಪಾಠ ಹೇಳಲು ಹೊರಟಾಗ ಬೀದಿಯಲ್ಲಿ ಸೆಗಣಿ ಎರಚಿದರು, ಕಲ್ಲು ಎಸೆದರು. ಶಾಲೆಗೆ ಹೋಗಿ ಉಡಲು ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರಂತೆ. ಇಂದು ಯಾವ ಹಳ್ಳಿಯಲ್ಲಿ ಟೀಚರಮ್ಮನ ಮೇಲೆ ಕಲ್ಲು ಎಸೆಯುತ್ತಾರೆ? ಯಾವ ಕೆಲಸ ಗಂಡಿನದು, ಯಾವುದು ಹೆಣ್ಣಿನದು ಎಂಬುದು ಶಿಲಾಶಾಸನವಲ್ಲ. ಮನುಷ್ಯರು ಗೆರೆ ಎಳೆದರು, ಮನುಷ್ಯರೇ ಅಳಿಸಿದರು.

ಇನ್ನು ನಮ್ಮ ಕಾಫಿಗೆ ಬರೋಣ. ನವೆಂಬರಿನಿಂದ ಅರೇಬಿಕಾ, ಸಂಕ್ರಾಂತಿ ಕಳೆದ ಮೇಲೆ ರೋಬಸ್ಟಾ. ಹಣ್ಣು ಕೊಯ್ಯುವ ಕೈ ಬಹುಪಾಲು ಹೆಂಗಸಿನದು. ಕಳೆ ತೆಗೆಯುವುದು, ಚಿಗುರು ತೆಗೆಯುವುದು, ಕಣದಲ್ಲಿ ಬೀಜ ಹರವಿ ಕೈಯಾಡಿಸುವುದು ಹೆಂಗಸರು. ಮರಗಸಿ ಮಾಡುವುದು, ಔಷಧಿ ಹೊಡೆಯುವುದು, ಪಂಪು ನಡೆಸುವುದು, ಪಲ್ಪರ್ ಬಿಡುವುದು, ಲಾರಿ ಓಡಿಸುವುದು ಗಂಡಸರು. ಮೇಸ್ತ್ರಿ ಗಂಡಸು, ರೈಟರ್ ಗಂಡಸು. ಕೈಯಲ್ಲಿ ಮಾಡುವುದೆಲ್ಲ ಹೆಣ್ಣಿಗೆ, ಯಂತ್ರ ಮುಟ್ಟುವುದೆಲ್ಲ ಗಂಡಿಗೆ, ಪುಸ್ತಕ ಬರೆಯುವುದೂ ಗಂಡಿಗೆ. ಲೆಕ್ಕದ ಪುಸ್ತಕ ತೆರೆದರೆ ಎಷ್ಟೋ ಕಡೆ ಇನ್ನೂ ಎರಡೇ ಕಾಲಂ: ಗಂಡಾಳು, ಹೆಣ್ಣಾಳು. ಯಾವ ಕೆಲಸ ಮಾಡಿದಳು ಎಂದು ಆ ಪುಸ್ತಕ ಕೇಳುವುದಿಲ್ಲ. ಯಾರು ಮಾಡಿದರು ಎಂದು ಮಾತ್ರ ಕೇಳುತ್ತದೆ.

ಈಗ ಒಬ್ಬ ಹೆಣ್ಣುಮಗಳ ಸಂಗತಿ. ಹೆಸರು ಹೇಳುವುದಿಲ್ಲ, ತೋಟದ ಹೆಸರೂ ಬೇಡ. ಆಕೆಗೆ ನಾಳೆಯೂ ಅಲ್ಲೇ ಕೂಲಿ ಸಿಗಬೇಕು. ಹನ್ನೊಂದು ವರ್ಷ ಹಣ್ಣು ಕೊಯ್ದವಳು. ಸಂಜೆ ಹಣ್ಣು ತೂಕ ಹಾಕಿದ ಮೇಲೆ ಪಲ್ಪರ್ ಮನೆಯಲ್ಲಿ ಬೀಜ ತೊಳೆಯಲು ನಿಲ್ಲುತ್ತಿದ್ದಳು. ಒಂದು ಕೊಯ್ಲಿನಲ್ಲಿ, ಹಣ್ಣು ರಾಶಿ ಬೀಳುತ್ತಿದ್ದ ಕಾಲದಲ್ಲೇ ಪಲ್ಪರ್ ಬಿಡುವ ಅಣ್ಣನಿಗೆ ಜ್ವರ ಬಂತು. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸದಿದ್ದರೆ ರಾಶಿಯಲ್ಲೇ ಬಿಸಿಯೇರಿ ಹುಳಿ ಹಿಡಿಯುತ್ತದೆ, ಬೀಜದ ರುಚಿ ಕೆಡುತ್ತದೆ. ಮೂಡಿಗೆರೆಯಿಂದ ಯಾರನ್ನಾದರೂ ಕರೆಸೋಣ ಎಂದು ಫೋನು ಮಾಡುತ್ತ ನಿಂತಿದ್ದರು. ಈಕೆ, "ನಾ ಬಿಡ್ತೀನಿ, ಅಯ್ಯ" ಎಂದಳು.

ಅವಳಿಗೆ ಯಾರೂ ಕಲಿಸಿರಲಿಲ್ಲ. ಹನ್ನೊಂದು ವರ್ಷ ನೋಡಿದ್ದಳು. ಪಲ್ಪರಿನ ಸಂದು ಬಿಗಿಯಾದರೆ ಬೀಜ ಕತ್ತರಿಸಿ ಬರುತ್ತದೆ, ಸಡಿಲವಾದರೆ ಸಿಪ್ಪೆ ಹಾಗೆಯೇ ಬರುತ್ತದೆ. ನೀರು ಎಷ್ಟು ಬಿಡಬೇಕು, ಹಣ್ಣು ಎಷ್ಟು ಸುರಿಯಬೇಕು ಎಂಬುದು ಅವಳಿಗೆ ಯಂತ್ರದ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹತ್ತೊಂಬತ್ತು ರಾತ್ರಿ ಬಿಟ್ಟಳು. ಬೀಜ ಕೆಟ್ಟಿತೆಂದು ಯಾರೂ ದೂರಲಿಲ್ಲ. ಅಣ್ಣ ಗುಣವಾಗಿ ಬಂದ ಮೇಲೆ ಅವಳು ಮತ್ತೆ ಬುಟ್ಟಿ ಹಿಡಿದಳು. ವಾರದ ಬಟವಾಡೆಯಲ್ಲಿ ನೋಡಿದರೆ ಆ ಹತ್ತೊಂಬತ್ತು ರಾತ್ರಿಗೂ ಬರೆದದ್ದು ಒಂದೇ ಮಾತು: ಹೆಣ್ಣಾಳು.

ಆಕೆ ನನ್ನ ಹತ್ತಿರ ಬಂದಳು. ಬಾಕಿ ಹಣ ಕೇಳಿದಳು, ಜತೆಗೆ ಇನ್ನೊಂದು ಮಾತನ್ನೂ ಕೇಳಿದಳು. "ಮುಂದಿನ ವರ್ಷ ಆ ಕೆಲಸ ನಂಗೆ ಆಗ್ತದಾ, ಟೀಚರೇ?"

ನಾನು ಸಂಘದ ಸಭೆಯಲ್ಲಿ ಇಟ್ಟೆ. ನಮ್ಮವರೇ, ನಾನು ಗೌರವಿಸುವ ಹಿರಿಯರೇ ಹೇಳಿದರು: "ಬಾಕಿ ಹಣ ಕೇಳೋಣ. ಕೆಲಸದ ಮಾತು ಬೇಡ. ಅವನ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತೆ." ನಾನು ಸುಮ್ಮನಾದೆ. ಬೇಡಿಕೆ ಪತ್ರದಿಂದ ಆ ಸಾಲನ್ನು ನನ್ನ ಕೈಯಾರೆ ಹೊಡೆದು ಹಾಕಿದೆ. ಇವತ್ತು ನಿಮ್ಮ ಮುಂದೆ ಅದನ್ನು ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ಮಕ್ಕಳ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದವಳು ನಾನು. ಇದು ನನ್ನ ತಪ್ಪು. ಇಂದಿನ ಭಾಷಣ ಅದನ್ನು ತಿದ್ದುವುದಕ್ಕಾಗಿ.

ಹೆಂಗಸು ಬೇಡ ಎನ್ನುವವರು ಮೂರು ಮಾತು ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಬಲ. "ಹೆಂಗಸಿಗೆ ಆಗದು, ಭಾರದ ಕೆಲಸ." ಹಾಗಾದರೆ ಹಣ್ಣು ತುಂಬಿದ ಚೀಲವನ್ನು ಇಳಿಜಾರಿನಿಂದ ತೂಕದ ಜಾಗಕ್ಕೆ ತಲೆಯ ಮೇಲೆ ಹೊತ್ತು ತರುವವರು ಯಾರು? ಕಾಡಿನಿಂದ ಸೌದೆ ಹೊರೆ ತರುವವರು ಯಾರು? ಭಾರ ಹೊರುವಾಗ ಹೆಣ್ಣಿಗೆ ಬಲ ಉಂಟು, ಗುಂಡಿ ಒತ್ತುವಾಗ ಇಲ್ಲವೆ? ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ವಸಂತಕುಮಾರಿಯವರು 1993ರಲ್ಲಿ ಸರಕಾರಿ ಬಸ್ಸಿನ ಡ್ರೈವರಾದರು. ಬಸ್ಸಿನ ಚಕ್ರಕ್ಕೆ ಅವರು ಗಂಡೋ ಹೆಣ್ಣೋ ಎಂದು ತಿಳಿಯಲಿಲ್ಲ. ಸ್ಟೇರಿಂಗಿಗೆ ಬೇಕಾದದ್ದು ಅಭ್ಯಾಸ.

ಬುದ್ಧಿಯ ಕೆಲಸದಲ್ಲೂ ಹೀಗೆಯೇ. ಕಾಫಿಯ ರುಚಿ ನೋಡಿ ದರ್ಜೆ ಹೇಳುವುದು ಬಹುಕಾಲ ಗಂಡಸರದೇ ಕಸುಬಾಗಿತ್ತು. 1970ರ ದಶಕದಲ್ಲಿ ಸುನಾಲಿನಿ ಮೆನನ್ ಎಂಬವರು ಕಾಫಿ ಬೋರ್ಡಿನಲ್ಲಿ ಆ ಕೆಲಸಕ್ಕೆ ಸೇರಿದರು. ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರಾಗುವ ಮಟ್ಟಕ್ಕೆ ಏರಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, 1990ರ ದಶಕದಲ್ಲಿ ಆ ನೌಕರಿ ಬಿಟ್ಟು ಬೆಂಗಳೂರಿನಲ್ಲಿ ತಮ್ಮದೇ ಪ್ರಯೋಗಶಾಲೆ ತೆರೆದರು. ಏಷ್ಯಾ ಖಂಡದಲ್ಲೇ ಈ ಕಸುಬಿನ ಮೊದಲ ಹೆಂಗಸು ಎಂದು ಅವರನ್ನು ಕರೆಯುತ್ತಾರೆ. ನಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದ ಅಕ್ಕಂದಿರನ್ನು ನೆನೆಸಿಕೊಳ್ಳಿ. ಕಪ್ಪು ಬೀಜ, ಒಡಕು ಬೀಜ, ಹುಳುಕು ಬೀಜ ಎಂದು ಕಣ್ಣು ಮಿಟುಕಿಸುವುದರೊಳಗೆ ಬೇರೆ ಮಾಡುತ್ತಿದ್ದರು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದು ಆ ಸಾಲುಸಾಲು ಹೆಂಗಸರ ಕೆಲಸವನ್ನು ನುಂಗಿತು. ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ. ಆ ಯಂತ್ರದ ಮುಂದೆ ನಿಲ್ಲಲು ಆ ಅಕ್ಕಂದಿರಲ್ಲಿ ಎಷ್ಟು ಜನರನ್ನು ಕರೆದು ಕಲಿಸಿದರು? ಕೆಟ್ಟ ಬೀಜ ಯಾವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಎರಡನೆಯ ಮಾತು ರಾತ್ರಿ. "ಪಲ್ಪರ್ ಬಿಡುವುದು ರಾತ್ರಿ ಕೆಲಸ, ಹೆಂಗಸಿಗೆ ಹೇಗಾದೀತು?" ಆಸ್ಪತ್ರೆಯಲ್ಲಿ ನರ್ಸಮ್ಮ ರಾತ್ರಿ ದುಡಿಯುವಾಗ ಈ ಪ್ರಶ್ನೆ ಬರುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಸೂಲಗಿತ್ತಿಯನ್ನು ಅಮಾವಾಸ್ಯೆಯ ನಡುರಾತ್ರಿ ಕರೆದೊಯ್ಯುತ್ತಿದ್ದರು. ಆಗ ಕತ್ತಲೆ ಅಡ್ಡ ಬರಲಿಲ್ಲ. ನಮಗೆ ಬೇಕಾದಾಗ ಹೆಣ್ಣಿಗೆ ರಾತ್ರಿ ಉಂಟು, ಅವಳಿಗೆ ಸಂಬಳ ಬೇಕಾದಾಗ ರಾತ್ರಿ ಇಲ್ಲ. ಆದರೂ ಈ ಮಾತನ್ನು ನಗೆಯಾಡಿ ತಳ್ಳಬಾರದು. ರಾತ್ರಿಯ ಭಯ ಸುಳ್ಳಲ್ಲ. 1948ರ ಕಾರ್ಖಾನೆ ಕಾಯಿದೆ ಸಾಮಾನ್ಯವಾಗಿ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ಹೆಂಗಸರ ಕೆಲಸವನ್ನು ತಡೆದಿತ್ತು. ಅದನ್ನು ಬರೆದವರಿಗೆ ಹೆಣ್ಣನ್ನು ಕಾಪಾಡುವ ಉದ್ದೇಶವಿತ್ತು. ಆದರೆ ಬೆಳಕು, ಕಾವಲು, ಮನೆಗೆ ವಾಹನ ಇವನ್ನು ಒದಗಿಸುವ ಹೊಣೆಯನ್ನು ಮಾಲೀಕನ ಮೇಲೆ ಹಾಕುವುದಕ್ಕಿಂತ ಹೆಣ್ಣನ್ನೇ ಹೊರಗಿಡುವುದು ಸುಲಭವಾಯಿತು.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1951ರ ತೋಟ ಕಾರ್ಮಿಕರ ಕಾಯಿದೆಯೂ ಅವುಗಳಲ್ಲಿ ಸೇರಿಹೋಯಿತು. ಆ ಸಂಹಿತೆಗಳಲ್ಲಿ ದುಡಿಯುವವರಿಗೆ ಕೆಡುಕಾದದ್ದು ಬಹಳವುಂಟು, ಅದರ ಮಾತು ಇನ್ನೊಂದು ಸಭೆಗೆ. ಆದರೆ ಅಲ್ಲಿ ಒಂದು ಕಲಮು ಹೇಳುತ್ತದೆ: ಹೆಂಗಸರು ಎಲ್ಲ ಬಗೆಯ ಕೆಲಸಕ್ಕೂ ಅರ್ಹರು, ಅವರ ಒಪ್ಪಿಗೆಯಿದ್ದರೆ, ಭದ್ರತೆಯ ಏರ್ಪಾಡಿದ್ದರೆ ರಾತ್ರಿಯೂ ದುಡಿಯಬಹುದು. ಒಪ್ಪಿಗೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಭದ್ರತೆ ಎಂಬುದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಪಲ್ಪರ್ ಮನೆಗೆ ದೀಪ, ಹತ್ತಿರದಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ, ಕೆಲಸ ಮುಗಿದ ಮೇಲೆ ಲೈನಿಗೆ ಮುಟ್ಟಿಸುವ ಜೀಪು. ಇವನ್ನು ಕೊಡದೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವವರು ನಾಳೆ ಬಂದೇ ಬರುತ್ತಾರೆ.

ಮೂರನೆಯ ಮಾತೇ ನಿಜವಾದ ಮಾತು. ಅದನ್ನು ಹೇಳಿದವರು ಮಾಲೀಕರಲ್ಲ, ನಮ್ಮವರು. "ಹೆಂಗಸು ಬಂದರೆ ಗಂಡಸಿನ ಕೆಲಸ ಹೋಗುತ್ತದೆ." ಈ ಭಯ ಬರಿಯ ಭ್ರಮೆಯಲ್ಲ, ಇದಕ್ಕೆ ಕಾರಣವುಂಟು. ಬಟ್ಟೆ ಹೊಲಿಯುವುದು ಮನೆಯಲ್ಲಿ ಹೆಣ್ಣಿನ ಕೆಲಸ, ಪೇಟೆಯಲ್ಲಿ ಟೈಲರ್ ಎಂದರೆ ಗಂಡಸು. ಆಮೇಲೆ ಬೆಂಗಳೂರಿನಲ್ಲಿ ಸಿದ್ಧ ಉಡುಪಿನ ದೊಡ್ಡ ದೊಡ್ಡ ಕಾರ್ಖಾನೆಗಳು ಬಂದವು. ಹೊಲಿಗೆ ಯಂತ್ರದ ಮುಂದೆ ಸಾವಿರಾರು ಹೆಣ್ಣುಮಕ್ಕಳನ್ನು ಕೂರಿಸಿದರು. ಹೆಣ್ಣಿನ ಮೇಲಿನ ಗೌರವದಿಂದ ಕೂರಿಸಿದರೆ? ಕಡಿಮೆ ಕೂಲಿಗೆ ಸಿಗುತ್ತಾರೆ, ತಲೆ ತಗ್ಗಿಸಿ ದುಡಿಯುತ್ತಾರೆ ಎಂದು ಕೂರಿಸಿದರು. ಆದರೆ ಅವರು ಬಹಳ ದಿನ ತಲೆ ತಗ್ಗಿಸಿ ಕೂರಲಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರಕಾರ ತಡೆಯೊಡ್ಡಿದಾಗ ಆ ಹೆಣ್ಣುಮಕ್ಕಳೇ ಸಾವಿರ ಸಾವಿರವಾಗಿ ರಸ್ತೆಗೆ ಇಳಿದರು. ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಇದರಿಂದ ನಾವು ಕಲಿಯಬೇಕಾದದ್ದೇನು? ಅಣ್ಣಂದಿರೇ, ನಿಮ್ಮ ಕೆಲಸವನ್ನು ಕಿತ್ತುಕೊಳ್ಳುವುದು ಹೆಣ್ಣಲ್ಲ. ಹೆಣ್ಣಿನ ಅಗ್ಗದ ಕೂಲಿ. ಪಲ್ಪರ್ ಬಿಡುವುದಕ್ಕೆ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಇದ್ದರೆ, ಮಾಲೀಕನು ಇಂದಲ್ಲ ನಾಳೆ ಕಡಿಮೆ ದರದವಳನ್ನೇ ಕರೆಯುತ್ತಾನೆ. ಆ ದಿನ ನೀವು ಅವಳನ್ನು ಬಯ್ಯುತ್ತೀರಿ, ಅವಳು ನಿಮ್ಮನ್ನು ಬಯ್ಯುತ್ತಾಳೆ. ಉಳಿದ ಹಣ ಮಾಲೀಕನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಇಬ್ಬರಿಗೂ ಒಂದೇ ದರವಾದರೆ ಈ ಆಟ ನಡೆಯದು. ಹೆಣ್ಣಾಳಿಗೆ ಸಮ ಕೂಲಿ ಕೇಳುವುದು ಗಂಡಾಳಿನ ಕೆಲಸಕ್ಕೆ ಹಾಕುವ ಬೇಲಿ. ನಾನು ಹೊಡೆದು ಹಾಕಿದ ಆ ಸಾಲು ಜ್ವರ ಬಂದ ಅಣ್ಣನನ್ನೂ ಕಾಯುತ್ತಿತ್ತು. ಆಗ ಅದು ನನಗೆ ಹೊಳೆಯಲಿಲ್ಲ.

ಸಮ ಕೆಲಸಕ್ಕೆ ಸಮ ಕೂಲಿ ಎಂಬುದು ಹೊಸ ಮಾತೇನಲ್ಲ. 1976ರಲ್ಲೇ ಸಮಾನ ಸಂಭಾವನೆ ಕಾಯಿದೆ ಬಂತು. ನೇಮಕದಲ್ಲಿ ಹೆಣ್ಣಿಗೆ ಭೇದ ಮಾಡಬಾರದೆಂದು ಹೇಳಿತು. 1987ರ ತಿದ್ದುಪಡಿಯಲ್ಲಿ ಬಡ್ತಿ, ತರಬೇತಿ, ವರ್ಗಾವಣೆಗಳಲ್ಲೂ ಭೇದ ಕೂಡದೆಂದು ಸೇರಿಸಿದರು. ಅದೇ 1987ರಲ್ಲಿ ಮುಂಬಯಿಯ ಒಂದು ಹಡಗು ಕಂಪನಿಯ ಸ್ಟೆನೋಗ್ರಾಫರ್ ಮಹಿಳೆಗೆ ಗಂಡಸು ಸ್ಟೆನೋಗ್ರಾಫರಿಗೆ ಸಮನಾದ ಸಂಬಳ ಕೊಡಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಈಗ ಆ ಕಾಯಿದೆಯ ಮಾತು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಹೆಸರು ಬೇರೆಯಾದರೂ ಮಾತು ಅದೇ: ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ. ಅರ್ಧ ಶತಮಾನದಿಂದ ಇರುವ ಕಾನೂನು ನಮ್ಮ ತೋಟದ ಲೆಕ್ಕದ ಪುಸ್ತಕದವರೆಗೆ ನಡೆದು ಬಂದಿಲ್ಲ. ಕಾನೂನಿಗೆ ಕಾಲಿಲ್ಲ. ಸಂಘ ಹೊತ್ತು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಬ್ಬೊಬ್ಬರೇ ಹೋರಾಡಿ ಗೆದ್ದ ಹೆಂಗಸರು ಇಲ್ಲವೆ ಎಂದು ನೀವು ಕೇಳಬಹುದು. ಇದ್ದಾರೆ, ನಮ್ಮ ನಾಡಿನಲ್ಲೇ ಇದ್ದಾರೆ. ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಬೇಕಾದರೆ ಹೆಂಗಸು ಅಧಿಕಾರಿ ಸರಕಾರದ ಅನುಮತಿ ಪಡೆಯಬೇಕು, ಮದುವೆಯಾದ ಮೇಲೆ ರಾಜೀನಾಮೆ ಕೇಳಿದರೆ ಕೊಡಬೇಕು ಎಂಬ ನಿಯಮ ಆ ಸೇವೆಯಲ್ಲಿತ್ತು. ಗಂಡಸು ಅಧಿಕಾರಿಗೆ ಇಂಥ ನಿಯಮವಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮನವರು ತಮ್ಮ ಸರಕಾರದ ಮೇಲೆಯೇ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣಯ್ಯರ್ ಅವರು ಆ ನಿಯಮಗಳಲ್ಲಿ ಹೆಣ್ಣಿಗೆ ಭೇದ ಮಾಡಿರುವುದು ಎದ್ದು ಕಾಣುತ್ತದೆ ಎಂದು ಹೇಳಿದರು. ಅಷ್ಟರಲ್ಲಿ ಸರಕಾರ ಬಡ್ತಿಯನ್ನೂ ಕೊಟ್ಟಿತ್ತು.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1974ರಲ್ಲಿ ಅವರು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಟೆಲ್ಕೋ ಕಂಪನಿಯ ಜಾಹೀರಾತು ಕಂಡರು. ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸಿಟ್ಟು ಬಂದು ಜೆ. ಆರ್. ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದರು. ಸಂದರ್ಶನಕ್ಕೆ ಪುಣೆಗೆ ಕರೆ ಬಂತು, ಕೆಲಸವೂ ಸಿಕ್ಕಿತು. ಮೆಚ್ಚಬೇಕಾದ ಸಂಗತಿಯೇ.

ಆದರೆ ನನ್ನ ಪ್ರಶ್ನೆ ಇದು. ನಮ್ಮ ಪಲ್ಪರ್ ಮನೆಯ ಹೆಣ್ಣುಮಗಳು ಯಾರಿಗೆ ಕಾರ್ಡು ಬರೆಯಬೇಕು? ಅವಳಿಗೆ ಬರೆಯಲು ಬಾರದು. ಬಂದರೂ ಅವಳ ಕಾರ್ಡಿಗೆ ಪುಣೆಯಿಂದಲೂ ಡೆಲ್ಲಿಯಿಂದಲೂ ಉತ್ತರ ಬರುವುದಿಲ್ಲ. ಸುಪ್ರೀಂ ಕೋರ್ಟಿನ ವಕೀಲರಿಗೆ ಕೊಡಲು ಅವಳ ಹತ್ತಿರ ಏನಿದೆ? ಅವಳು ಕಾರ್ಡು ಬರೆಯಬಹುದಾದ ವಿಳಾಸ ಒಂದೇ, ಅದು ನಮ್ಮ ಸಂಘ. ಅವಳು ಬರೆದಳು. ಉತ್ತರ ಕೊಡದೆ ಹೋದವರು ನಾವು.

ಹೀಗೆ ಉತ್ತರ ಕೊಡದ ಸಂಘಗಳಿಗೆ ಏನಾಗುತ್ತದೆ ಎಂಬುದನ್ನು ಕೇರಳದ ಮುನ್ನಾರಿನಲ್ಲಿ ನೋಡಿದ್ದೇವೆ. 2015ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಚಹಾ ತೋಟಗಳ ಹೆಂಗಸರು ಶೇಕಡ 20 ಬೋನಸ್ ಕೇಳಿ ರಸ್ತೆಯಲ್ಲಿ ಕೂತರು. ಎಲೆ ಕೊಯ್ಯುವವರು ಹೆಂಗಸರು, ಸಂಘಗಳ ಮುಖಂಡರು ಗಂಡಸರು. ಆ ಮುಖಂಡರು ಮಾಡಿಕೊಂಡಿದ್ದ ಒಪ್ಪಂದದಲ್ಲಿ ತಮಗೆ ಮೋಸವಾಯಿತೆಂದು ಹೆಂಗಸರು ತಿಳಿದರು. ಯಾವ ಬಾವುಟದ ಮುಖಂಡನನ್ನೂ ಹತ್ತಿರ ಸೇರಿಸಲಿಲ್ಲ. 'ಪೆಂಬಿಳೈ ಒರುಮೈ', ಎಂದರೆ ಹೆಂಗಸರ ಒಗ್ಗಟ್ಟು ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಕಂಪನಿ ಬೋನಸ್ಸನ್ನೂ ಅದರ ಮೇಲಿನ ಸಹಾಯಧನವನ್ನೂ ಸೇರಿಸಿ ಆ ಶೇಕಡ 20ನ್ನು ಕೊಡಬೇಕಾಯಿತು. ನನ್ನ ಸಂಘದ ಅಣ್ಣಂದಿರೇ, ಸಂಘಟನೆಯೂ ಗಂಡಸರದೇ ಕಸುಬಾಗಿ ಉಳಿದರೆ ಒಂದು ದಿನ ನಮ್ಮನ್ನೂ ಆಚೆ ನಿಲ್ಲಿಸುತ್ತಾರೆ. ಅವರು ಹಾಗೆ ಮಾಡಿದರೆ ನಾನು ತಪ್ಪೆನ್ನುವುದಿಲ್ಲ.

"ಇದು ನಿನ್ನ ಕೆಲಸವಲ್ಲ" ಎಂಬ ಮಾತನ್ನು ಹೆಂಗಸರು ಮಾತ್ರ ಕೇಳಿಲ್ಲ. ಗಂಡಸು ಕಾರ್ಮಿಕರಾದ ನೀವೂ ಕೇಳಿದ್ದೀರಿ. ನಮ್ಮದೇ ಜಿಲ್ಲೆಯ ಕೊಪ್ಪದಲ್ಲಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ, ಡ್ರೈವರು ಕಂಡಕ್ಟರು ಮೆಕ್ಯಾನಿಕರು ಸೇರಿ, ನಾವೇ ಬಸ್ಸು ನಡೆಸುತ್ತೇವೆ ಎಂದರು. ಆಳುಗಳು ಕಂಪನಿ ನಡೆಸುವುದುಂಟೆ ಎಂದು ನಗುವವರು ನಕ್ಕರು. 1991ರಲ್ಲಿ ಸಹಕಾರ ಸಾರಿಗೆ ಆರಂಭವಾಯಿತು. ಈ ಘಟ್ಟದ ತಿರುವುಗಳಲ್ಲಿ ಸುಮಾರು 29 ವರ್ಷ ಆ ಬಸ್ಸುಗಳು ಓಡಿದವು. 2020ರಲ್ಲಿ ನಿಂತುಹೋದದ್ದು ನಮಗೆಲ್ಲ ದುಃಖದ ಸಂಗತಿ. ಆದರೂ ಯಜಮಾನಿಕೆ ಯಜಮಾನನ ರಕ್ತದಲ್ಲೇ ಇರಬೇಕೆಂಬ ಮಾತು ಸುಳ್ಳೆಂದು ಅವರು ತೋರಿಸಿಕೊಟ್ಟರು. ಹಾಗಿದ್ದ ಮೇಲೆ ಅದೇ ಮಾತನ್ನು ನಿಮ್ಮ ಅಕ್ಕತಂಗಿಯರಿಗೆ ನೀವು ಹೇಳಬಹುದೆ?

ಈಗ ಕೈಗೆ ಹತ್ತುವ ಕೆಲಸದ ಮಾತು.

ಒಂದು, ಲೆಕ್ಕದ ಪುಸ್ತಕದಲ್ಲಿ ಗಂಡಾಳು, ಹೆಣ್ಣಾಳು ಎಂಬ ಕಾಲಂ ತೆಗೆಸೋಣ. ಕೊಯ್ಲು, ಕಸಿ, ಪಲ್ಪರ್, ಪಂಪು ಎಂದು ಕೆಲಸದ ಹೆಸರು ಬರೆಯಲಿ. ಕೂಲಿ ಕೆಲಸದ ಹೆಸರಿಗೆ ಬೀಳಲಿ.

ಎರಡು, ಪ್ರತಿ ಪಲ್ಪರ್ ಮನೆಯಲ್ಲಿ, ಗಿರಣಿಯ ಪ್ರತಿ ಯಂತ್ರದಲ್ಲಿ, ಕೆಲಸ ಬಲ್ಲವನ ಜತೆಗೆ ಒಬ್ಬ ಹೆಂಗಸಿಗೂ ಕಲಿಸಬೇಕೆಂದು ಕೇಳೋಣ. ಕಲಿಯುವ ದಿನಗಳಿಗೂ ಪೂರ್ತಿ ಕೂಲಿ. ಹಳಬನನ್ನು ತೆಗೆಯುವ ಮಾತಿಲ್ಲ. ಜ್ವರ ಎಲ್ಲರಿಗೂ ಬರುತ್ತದೆ, ರಜೆ ಎಲ್ಲರಿಗೂ ಬೇಕು. ಇಬ್ಬರು ಬಲ್ಲವರಿದ್ದರೆ ಒಬ್ಬನ ಬೆನ್ನಿಗೂ ವಿಶ್ರಾಂತಿ.

ಮೂರು, ದೀಪ, ಶೌಚಾಲಯ, ರಾತ್ರಿ ಮನೆಗೆ ವಾಹನ. ಇವು ಇಲ್ಲದೆ ರಾತ್ರಿ ಕೆಲಸದ ಒಪ್ಪಿಗೆಗೆ ಯಾರೂ ಸಹಿ ಹಾಕಕೂಡದು.

ನಾಲ್ಕು, ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಜನ ಹೆಂಗಸರಿರಲಿ. ಸಭೆಗಳನ್ನು ರಾತ್ರಿ ಎಂಟಕ್ಕೆ ಕರೆಯುವುದು ಬಿಟ್ಟು ಭಾನುವಾರ ಹಗಲು ಕರೆಯೋಣ. ಆ ಹೊತ್ತಿಗೆ ಮನೆಯ ಅಡಿಗೆಯನ್ನು ಗಂಡಸರು ಮಾಡಲಿ. ಐನೂರು ಜನಕ್ಕೆ ಬೇಯಿಸುವ ಕೈಗೆ ಐದು ಜನಕ್ಕೆ ಬೇಯಿಸುವುದು ಕಷ್ಟವಾಗಲಾರದು! (ನಗು)

ಅಂಗಡಿಕಾರ ಹಿರಿಯರಿಗೂ ಒಂದು ಮಾತು. ನಿಮ್ಮಲ್ಲಿ ಹಲವರ ಮನೆಯ ಹೆಂಗಸರು ನೀವು ಊಟಕ್ಕೆ ಎದ್ದಾಗ ಗಲ್ಲಾದ ಮೇಲೆ ಕೂರುತ್ತಾರೆ. ಸಾಲದ ಲೆಕ್ಕ ನಿಮಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ಹೀಗಿದ್ದೂ ಬೋರ್ಡಿನ ಮೇಲೆ "ಅಂಡ್ ಸನ್ಸ್" ಎಂದೇ ಬರೆಸುತ್ತೀರಿ. ಮಗಳಿಗೆ ತಕ್ಕಡಿ ಹಿಡಿಯಲು, ಸರಕು ತರಲು, ಬ್ಯಾಂಕಿಗೆ ಹೋಗಲು ಕಲಿಸಿ. ಕಾಫಿ ಬೆಲೆ ಬಿದ್ದ ವರ್ಷ ಕಾರ್ಮಿಕನ ಮನೆಯೂ ನಿಮ್ಮ ಅಂಗಡಿಯೂ ಒಟ್ಟಿಗೇ ಬೀಳುತ್ತವೆ. ದುಡಿಯುವ ಹೆಂಗಸಿನ ಕೈಗೆ ನಾಲ್ಕು ಕಾಸು ಹೆಚ್ಚು ಬಂದರೆ ಅದು ಮಕ್ಕಳ ಪುಸ್ತಕಕ್ಕೆ, ಎಣ್ಣೆಗೆ, ಅಕ್ಕಿಗೆ ಎಂದು ನಿಮ್ಮ ಅಂಗಡಿಗೇ ಬರುತ್ತದೆ.

ಕೊನೆಯದಾಗಿ, ಆ ಹೆಣ್ಣುಮಗಳ ವಿಷಯ. ಈ ಸಭೆಯಲ್ಲಿ ಆಕೆ ಎಲ್ಲಿಯೋ ಕೂತಿದ್ದಾಳೆ, ನಾನು ಅತ್ತ ನೋಡುವುದಿಲ್ಲ. ಬರುವ ಕೊಯ್ಲಿಗೆ ಮೊದಲು ನಮ್ಮ ಬೇಡಿಕೆ ಪತ್ರ ಹೋಗುತ್ತದೆ. ನಾನು ಹೊಡೆದು ಹಾಕಿದ ಆ ಸಾಲನ್ನು ಈ ಸಲ ಮೊದಲನೆಯ ಬೇಡಿಕೆಯಾಗಿ ಬರೆಯುತ್ತೇನೆ. ಕೆಳಗೆ ಸಂಘದ ಎಲ್ಲರ ಸಹಿ ಬೇಕು. ಮೊದಲ ಸಹಿ ಪಲ್ಪರ್ ಬಿಡುವ ಆ ಅಣ್ಣನದಾಗಬೇಕೆಂದು ನನ್ನ ಆಸೆ. ಮೊನ್ನೆ ಅವರ ಮನೆಗೆ ಹೋಗಿ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವಳು ಬಿಟ್ಟ ಬೀಜ ನಾನು ನೋಡಿದ್ದೇನೆ, ಕತ್ತರಿಸಿದ್ದು ಒಂದೂ ಇರಲಿಲ್ಲ" ಎಂದರು. ಸಹಿ ಹಾಕುತ್ತೇನೆಂದು ಇನ್ನೂ ಹೇಳಿಲ್ಲ. ಆದರೆ ಕಾಗದವನ್ನು ಹಿಂದಿರುಗಿಸಲೂ ಇಲ್ಲ, ಅವರ ಹತ್ತಿರವೇ ಇದೆ.

ನೀವೆಲ್ಲ ಅವರ ಜತೆ ಮಾತಾಡಿ. ನಿಮ್ಮ ನಿಮ್ಮ ಮನೆಗಳಲ್ಲೂ ಮಾತಾಡಿ.